ಲಕ್ಷ ಮಣಿ, ಎರಡು ಚೌಕ

ಮಾಗಿಯ ಚಳಿ ಇನ್ನೂ ಕಾಲು ಕಿತ್ತಿರಲಿಲ್ಲ. ಎರೆಹೊಲದಲ್ಲಿ ಬಿಳಿಜೋಳ ಹಾಲುಗಾಳು ಕಟ್ಟಿತ್ತು. ಮುಂಜಾನೆಯ ಬಿಸಿಲು ಅಂಗಳ ದಾಟಿ ಪಡಸಾಲೆಯ ಹೊಸ್ತಿಲಿಗೆ ಬಂದ ಹೊತ್ತಿಗೆ ನನ್ನ ಸೊಸೆ ಪಂಪಮ್ಮ ಸ್ಟೂಲು ಹತ್ತಿ, ಅಟ್ಟದ ಮೇಲಿದ್ದ ಹಿತ್ತಾಳೆ ಕೊಡವನ್ನು ಇಳಿಸಿದಳು. ಆಕೆಯ ಕಿರಿಮಗಳು ಐಶ್ವರ್ಯಳ ಮದುವೆ ಮಾನ್ವಿಯ ಅಕ್ಕಿ ಗಿರಣಿಯವರ ಮಗ ಬಸವಲಿಂಗನ ಜೊತೆ ಆಗಷ್ಟೇ ಗೊತ್ತಾಗಿತ್ತು. ದೇವದುರ್ಗದ ನಮ್ಮ ಮನೆಯಲ್ಲಿ ಆ ಕೊಡ ಇಳಿದು ಐವತ್ತು ವರ್ಷದ ಮೇಲಾಗಿತ್ತು.

ಕೊಡದಲ್ಲಿದ್ದುದು ಗಾಜಿನ ಮಣಿ. ಮೆಂತ್ಯದ ಕಾಳಿನಷ್ಟು ದಪ್ಪ, ದಾಳಿಂಬೆ ಕಾಳಿನ ಬಣ್ಣ. ನನ್ನ ಅತ್ತೆಯ ತಂದೆ ನಿಜಾಮನ ಕಾಲದಲ್ಲಿ ಹೈದರಾಬಾದಿನಿಂದ ತಂದು ಮಗಳಿಗೆ ಕೊಟ್ಟದ್ದು. ಅತ್ತೆ ಅವನ್ನು ನೂರು ನೂರು ಪೋಣಿಸಿ ಸರ ಮಾಡಿದ್ದಳು. ಅಂಥ ಸಾವಿರ ಸರ. ನಾನು ಈ ಮನೆಗೆ ಬಂದ ವರ್ಷ ನನ್ನನ್ನೂ ಕೂಡಿಸಿಕೊಂಡು ಮತ್ತೊಮ್ಮೆ ಎಣಿಸಿದಳು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಾನು ಸಾಲಿ ಕಲಿತದ್ದು ಎರಡನೆಯ ಇಯತ್ತೆಯವರೆಗೆ. ಲಕ್ಷ ಎಂಬುದನ್ನು ಹಲಗೆಯ ಮೇಲೆ ಕಾಣುವ ಮೊದಲೇ ಬೆರಳಲ್ಲಿ ಕಂಡೆ.

ಅತ್ತೆಗೆ ಲಕ್ಷದ ಗುಣ ಗೊತ್ತಿತ್ತು. ಎರಡು ಪಾಲು ಮಾಡಿದರೆ ಬರುತ್ತದೆ. ಐದು ಪಾಲು ಮಾಡಿದರೆ ಬರುತ್ತದೆ. ಆ ಪಾಲನ್ನು ಮತ್ತೆ ಐದು ಮಾಡಿದರೆ ಅದೂ ಬರುತ್ತದೆ. ಮೂರು ಪಾಲು ಮಾಡಹೋದರೆ ಮಾತ್ರ ಒಂದು ಮಣಿ ಕೈಯಲ್ಲಿ ಉಳಿದುಬಿಡುತ್ತದೆ. ಆರಕ್ಕೂ ಬಗ್ಗುವುದಿಲ್ಲ, ಏಳಕ್ಕೂ ಬಗ್ಗುವುದಿಲ್ಲ. “ಲಕ್ಷ ಅನ್ನಾಕಿ ಎರಡು, ಐದರ ಮಗಳು. ಮೂರರ ಮನಿ ನೀರು ಕುಡಿಯಂಗಿಲ್ಲ” ಎನ್ನುತ್ತಿದ್ದಳು.

ಅತ್ತೆಯ ತವರಿನಲ್ಲಿ ಒಂದು ಕಟ್ಟಳೆ. ಮಗಳು ಗಂಡನ ಮನೆಗೆ ಹೋಗುವಾಗ ಮಣಿಯ ಚೌಕ ನೇಯ್ದು ಕೊಡಬೇಕು. ಮದುವೆಯಲ್ಲಿ ಅದರ ಮೇಲೆ ಕಳಸ ಇಡುತ್ತಾರೆ. ಚೌಕವೆಂದರೆ ಚೌಕವೇ, ಎಷ್ಟು ಸಾಲೋ ಸಾಲಿಗೆ ಅಷ್ಟೇ ಮಣಿ. ಒಂದು ಮಗ್ಗುಲು ಉದ್ದವಾದರೂ ಅದು ಹೆಣದ ಹಾಸು. ಕೊಡದ ಮಣಿಯೆಲ್ಲ ಚೌಕಕ್ಕೆ ಬರಬೇಕು. ಉಳಿದ ಮಣಿ ಮನೆಯಲ್ಲಿ ಕಣ್ಣು ಬಿಡುತ್ತದೆ, ಹೊಟ್ಟೆಕಿಚ್ಚು ಹುಟ್ಟಿಸುತ್ತದೆ ಎಂದು ನಂಬಿಕೆ. ಹೊರಗಿನ ಮಣಿ ಕೂಡಿಸುವಂತೆಯೂ ಇಲ್ಲ. ಅತ್ತೆ ತನ್ನ ಮಗಳಿಗೆಂದು ಒಂದೇ ದೊಡ್ಡ ಚೌಕ ಹೂಡಿದಳು. ಮುನ್ನೂರ ಹದಿನಾರು ಸಾಲು ಮುಗಿದವು. ನೂರ ನಲವತ್ನಾಲ್ಕು ಮಣಿ ಮಿಕ್ಕವು. ಅಷ್ಟರಲ್ಲಿ ಇನ್ನೊಂದು ಸಾಲಿನ ಅರ್ಧವೂ ಆಗದು. ಅತ್ತೆ ಬಾಯಿಗೆ ಸೆರಗಿಟ್ಟುಕೊಂಡು ಅತ್ತು, ಎಲ್ಲ ಬಿಚ್ಚಿ, ಮತ್ತೆ ನೂರರ ಸರ ಮಾಡಿ ಕೊಡವನ್ನು ಅಟ್ಟಕ್ಕೇರಿಸಿದಳು. ನನಗೆ ಹೆಣ್ಣುಮಕ್ಕಳಾಗಲಿಲ್ಲ. ಕೊಡ ಅಲ್ಲೇ ಕೂತಿತ್ತು.

ಶೈಲಜಾ ಹಿರಿಯ ಮೊಮ್ಮಗಳು. ರಾಯಚೂರಿನ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಅಲ್ಲೇ ಕೋಣೆ ಮಾಡಿಕೊಂಡಿದ್ದಾಳೆ, ಶನಿವಾರ ಊರಿಗೆ ಬರುತ್ತಾಳೆ. ಬಂದ ಗಂಡುಗಳನ್ನೆಲ್ಲ ಒಲ್ಲೆನೆಂದು ಕಳಿಸಿದವಳು. ಸಣ್ಣಾಕೆಯಾಗಿದ್ದಾಗಿನಿಂದ ನನ್ನ ಮೊಳಕಾಲಿಗೆ ಆತು ಕೂತು ಮಣಿ ಕೆಲಸ ಕಲಿತದ್ದು ಆಕೆಯೇ. ಐಶ್ವರ್ಯಗೆ ಸೂಜಿಗೆ ದಾರ ಹಾಕಲು ಬಾರದು. ನಗುವುದು ಮಾತ್ರ ಚೆಂದ.

ಆ ಶನಿವಾರ ಶೈಲಜಾ ಬಂದು ಚಪ್ಪಲಿ ಬಿಡುತ್ತಲೇ ಕೊಡ ನೋಡಿದಳು. ಯಾಕೆ ಇಳಿಸಿದಿರಿ ಎಂದು ಕೇಳಿದಳು. ತಂಗಿಯ ಮದುವೆಗೆ ಎಂದು ಪಂಪಮ್ಮ ಹೇಳಿದಳು. ಶೈಲಜಾ ಬ್ಯಾಗನ್ನು ಹೆಗಲಿಂದ ಇಳಿಸದೆ ನನ್ನ ಮುಂದೆ ಕೂತಳು.

“ಮದಿವಿ ಮಾಡ್ಕೊಳ್ಳದಾಕಿ ಈ ಮನಿ ಮಗಳಲ್ಲೇನು, ಅಜ್ಜಿ?”

ಬಾಯಿಗೆ ಬಂದದ್ದನ್ನು ಹೇಳಿದೆ. ಎರಡು ಚೌಕ ಮಾಡೋಣ, ಇಬ್ಬರಿಗೂ ಸಮ. ಪಂಪಮ್ಮನ ಮುಖ ಚಿಕ್ಕದಾಯಿತು. ಶೈಲಜಾಳ ಮುಖ ಅರಳಿತು. ಆಮೇಲೆ, ಬಹಳ ಹೊತ್ತಿನ ಮೇಲೆ, ಮತ್ತೆ ಮುಚ್ಚಿತು.

ಆಕೆ ನೆಲದ ಮೇಲೆ ಬೆರಳಿಂದ ಲೆಕ್ಕ ಹಾಕುತ್ತಿದ್ದಳು. ರೊಟ್ಟಿ ತಣ್ಣಗಾದವು. ಸಮಪಾಲಿನಲ್ಲಿ ಐವತ್ತೈವತ್ತು ಸಾವಿರ ಬರುತ್ತದಲ್ಲ, ಅದು ಚೌಕಕ್ಕೆ ಕೂಡುವುದಿಲ್ಲ ಎಂದಳು. ಇನ್ನೂರ ಇಪ್ಪತ್ಮೂರು ಸಾಲು ಆಗಿ, ಪ್ರತಿಯೊಂದರಲ್ಲೂ ಇನ್ನೂರ ಎಪ್ಪತ್ತೊಂದು ಮಣಿ ಉಳಿಯುತ್ತವೆ.

“ಲಕ್ಷ ಎರಡು ಚೌಕ ಆಗ್ತದ, ಅಜ್ಜಿ. ಸಮ ಮಾತ್ರ ಆಗಂಗಿಲ್ಲ. ಮೂರೇ ದಾರಿ ಅದಾವ.”

ಆ ಮೂರು ದಾರಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಒಂದು, ಮುನ್ನೂರರ ಚೌಕ ಮತ್ತು ನೂರರ ಚೌಕ. ಇನ್ನೊಂದು, ಮುನ್ನೂರ ಹದಿನಾರರದು ಮತ್ತು ಹನ್ನೆರಡರದು. ಅತ್ತೆಯ ಕೈಯಲ್ಲಿ ಮಿಕ್ಕ ನೂರ ನಲವತ್ನಾಲ್ಕು ಮಣಿ ಎಂದರೆ ಹನ್ನೆರಡು ಸಾಲಿನ ಸಣ್ಣ ಚೌಕವೇ ಆಗಿತ್ತಂತೆ, ಪಾಪ, ಆಕೆಗೆ ಅದು ಹೊಳೆಯಲಿಲ್ಲ. ಮೂರನೆಯದು, ಇನ್ನೂರ ಅರವತ್ತರದು ಮತ್ತು ನೂರ ಎಂಬತ್ತರದು. ಇದಕ್ಕಿಂತ ಹತ್ತಿರದ ಜೋಡಿ ಇಲ್ಲ.

ಉಂಡು ಕೈತೊಳೆದು ಬಂದ ನನ್ನ ಮಗ ಕೊಟ್ರೇಶ, ಮುನ್ನೂರ ಹದಿನಾರರದ್ದು ತನಗೆ ಕೊಡಿ, ಹೊದ್ದು ಮಲಗುತ್ತೇನೆ ಅಂದ. ಪಂಪಮ್ಮ ನಗಲಿಲ್ಲ. ಐಶ್ವರ್ಯಗೆ ಮುನ್ನೂರರದು ಆಗಲಿ, ಶೈಲಜಾಗೆ ನೂರರದು ಸಾಕು, ಮಾನ್ವಿಯವರು ಎಲ್ಲವನ್ನೂ ಗೇಣಿನಿಂದ ಅಳೆಯುವ ಜನ ಎಂದಳು. ಐಶ್ವರ್ಯ ಮೊಬೈಲಿನಿಂದ ತಲೆಯೆತ್ತಿ ನಗುತ್ತ ಅಂದಳು:

“ಅಕ್ಕಗ ಆ ಹನ್ನೆರಡರದ್ದ ಕೊಡ್ರಿ. ಗಂಡಿಲ್ಲದಾಕಿ ಅದರ ಮ್ಯಾಲ ಯಾವ ಕಳಸ ಇಡ್ತಾಳ?”

ಹನ್ನೆರಡರದು ಲಿಂಗದ ಕರಡಿಗೆಯ ಮುಚ್ಚಳಕ್ಕೂ ಸಾಲದು. ಶೈಲಜಾ ತಂಗಿಯ ತಾಟಿಗೆ ರೊಟ್ಟಿ ಹಾಕಿದಳು. ಆದರೆ ಬಡಿಸುವ ಆ ಕೈ ಎಷ್ಟು ಬಿಗಿದಿತ್ತು ಎಂಬುದು ನನಗೆ ಕಂಡಿತು.

ಕೊನೆಗೆ ನಾನೇ ತೀರ್ಮಾನ ಹೇಳಬೇಕಾಯಿತು. ಹತ್ತಿರದ ಜೋಡಿಯೇ ಆಗಲಿ. ದೊಡ್ಡದರ ಮೇಲೆ ಕಳಸ ಇಡಬೇಕು, ಅದು ಮದುಮಗಳಿಗೆ. ಚಿಕ್ಕದು ಶೈಲಜಾಗೆ. ನೇಯುವವರು ಯಾರು ಎಂದು ಪಂಪಮ್ಮ ಕೇಳಿದಳು. ನನ್ನ ಕಣ್ಣು ಮೊದಲಿನಂತಿಲ್ಲ, ಕೈಯೂ ನಿಧಾನ. ಚಿಕ್ಕದನ್ನು ನಾನು ನೇಯುತ್ತೇನೆ, ದೊಡ್ಡದನ್ನು ಶೈಲಜಾ ನೇಯಲಿ ಎಂದೆ.

“ಅಂದ್ರ ದೊಡ್ಡದು ಆಕಿಗಿ, ದುಡಿಯಾಕಿ ನಾ. ಚಲೋ ಅದ.” ಹಿರಿಯಳು ತಾನು ಎಂಬ ಮಾತನ್ನು ಆಕೆ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಹಳೆಯ ಮಂಚದ ಎರಡು ಚೌಕಟ್ಟಿಗೆ ದಾರದ ಹಾಸು ಬಿಗಿದೆವು. ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಸಾಲಿನ ಮಣಿಯನ್ನೆಲ್ಲ ಸೂಜಿದಾರಕ್ಕೆ ಪೋಣಿಸಿ ಹಾಸಿನ ಕೆಳಗೆ ತರಬೇಕು. ದಾರದ ಸಂದಿಯಲ್ಲಿ ಒಂದೊಂದನ್ನೂ ಬೆರಳಿಂದ ಮೇಲೆತ್ತಿ, ಸೂಜಿಯನ್ನು ಮೇಲಿನಿಂದ ಹಿಂದಕ್ಕೆ ಓಡಿಸಬೇಕು. ಒಂದು ಮಣಿ ಸಂದಿ ತಪ್ಪಿದರೆ ಸಾಲೆಲ್ಲ ಡೊಂಕು. ಶೈಲಜಾ ಶನಿವಾರ ಭಾನುವಾರ ಕೂರುತ್ತಿದ್ದಳು. ನಾನು ದಿನವೂ ಮುಂಜಾನೆಯ ಬಿಸಿಲಿಗೆ ಕೂರುತ್ತಿದ್ದೆ. ನಡುನಡುವೆ ಆಕೆ ನನ್ನ ಚೌಕಟ್ಟಿನತ್ತ ಕತ್ತು ಚಾಚಿ ಎಷ್ಟು ಸಾಲಾಯಿತು ಎಂದು ನೋಡುತ್ತಿದ್ದಳು. ತನ್ನ ಪಾಲು ಬೆಳೆಯುವುದನ್ನು ನೋಡುವ ಕಣ್ಣು ಬೇರೆ, ಮಂದಿಯ ಪಾಲನ್ನು ಬೆಳೆಸುವ ಕೈ ಬೇರೆ. ಆದರೂ ಕೆಲಸದಲ್ಲಿ ಮೋಸ ಮಾಡಲಿಲ್ಲ. ಒಂದು ಸಾಲೂ ಡೊಂಕಾಗಲಿಲ್ಲ.

ಯುಗಾದಿ ಕಳೆದ ಮೇಲೆ ಬಸವಲಿಂಗನ ತಾಯಿ ಮತ್ತು ಇಬ್ಬರು ಹೆಂಗಸರು ಸೀರೆ ಆರಿಸಲು ಬಂದರು. ಚೌಕಟ್ಟು ನೋಡಿ ಬೆರಗಾದರು. ಪಂಪಮ್ಮ ಹೇಳಿದ್ದು ಸುಳ್ಳಲ್ಲ. ಬೀಗಿತ್ತಿ ಕೂತಲ್ಲಿಂದ ಎದ್ದು ಬಂದು ಗೇಣು ಹಾಕಿದಳು. ಮುಗಿದಿದ್ದ ಭಾಗದ ಮೇಲೆ ಅಂಗೈ ಆಡಿಸಿ, ಐಶ್ವರ್ಯಳ ಕೈ ಹಿಡಿದುಕೊಂಡಳು.

“ಬಂಗಾರದ ಬೆರಳು ಬೇ ನಿನ್ನವು.”

ಐಶ್ವರ್ಯ ತಲೆ ತಗ್ಗಿಸಿ ನಕ್ಕಳು. ನನ್ನದಲ್ಲ, ಅಕ್ಕನದು ಎಂದು ಹೇಳಲು ಒಂದು ಉಸಿರು ಸಾಕಿತ್ತು. ಹೇಳಲಿಲ್ಲ. ಪಂಪಮ್ಮನೂ ಹೇಳಲಿಲ್ಲ. ಶೈಲಜಾ ಚಹಾದ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆಕೆ ತಾಟು ಇಟ್ಟ ರಭಸಕ್ಕೆ ಎಲ್ಲ ಕಪ್ಪುಗಳಿಂದ ಬಸಿಗೆ ಚಹಾ ತುಳುಕಿತು. ಆ ಸಂಜೆ ಬೀಗರು ಹೋದ ಮೇಲೆ ಆಕೆ ಒಬ್ಬಳೇ ಚೌಕಟ್ಟಿನ ಮುಂದೆ ಕೂತಿದ್ದಳು, ಸೂಜಿ ಮುಟ್ಟದೆ, ಮಣಿಯ ಬಟ್ಟಲಲ್ಲಿ ಬೆರಳಾಡಿಸುತ್ತ.

ನನ್ನ ಚೌಕ ಮೊದಲು ಮುಗಿಯಿತು. ನೂರ ಎಂಬತ್ತು ಸಾಲು, ಕೊನೆಯ ಮಣಿ ಕೊನೆಯ ಸಂದಿಗೆ ಬಂದು ಕೂತಿತು. ದೊಡ್ಡದರ ಕೊನೆಯ ಸಾಲನ್ನು ಶೈಲಜಾ ಮದುವೆಯ ಮುಂಚಿನ ವಾರ ಹೂಡಿದಳು. ಭಾನುವಾರ ಮಧ್ಯಾಹ್ನ. ಮನೆಯವರೆಲ್ಲ ಸುತ್ತ ನಿಂತಿದ್ದೆವು. ಪೋಣಿಸುತ್ತ ಪೋಣಿಸುತ್ತ ಬಟ್ಟಲು ಖಾಲಿಯಾಯಿತು. ಮೂಲೆಯ ಒಂದು ಸಂದಿ ಹಾಗೇ ಉಳಿಯಿತು.

ಹಾಸಿದ ಬಟ್ಟೆ ಜಾಡಿಸಿದೆವು. ಕೊಡ ಬೋರಲು ಹಾಕಿದೆವು. ಕಸ ಗುಡಿಸಿ ಜರಡಿ ಹಿಡಿದೆವು. ಕೊಟ್ರೇಶ ಬ್ಯಾಟರಿ ಹಿಡಿದು ಮಂಚದ ಕೆಳಗೆ ಮಲಗಿ ನೋಡಿದ. ಮಣಿ ಸಿಗಲಿಲ್ಲ. ರಾಯಚೂರು ಬಜಾರಿನಲ್ಲಿ ಒಂದು ಕೊಂಡು ತರೋಣ ಎಂದು ಐಶ್ವರ್ಯ ಅಂದಳು. ಹೊರಗಿನ ಮಣಿ ಬರುವಂತಿಲ್ಲ, ಬಂದರೂ ಆ ಬಣ್ಣ ಈಗೆಲ್ಲಿದೆ ಎಂದೆ. ಪಂಪಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. ಆಮೇಲೆ ಒಮ್ಮೆಲೆ ಎದ್ದು, ಹಾಗಾದರೆ ಇದ್ದ ಮಣಿಗೇ ಬೇರೆ ಅಳತೆಯ ಎರಡು ಚೌಕ ಹುಡುಕು, ಎಲ್ಲ ಬಿಚ್ಚಿ ಹಗಲೂ ರಾತ್ರಿ ನೇಯೋಣ ಎಂದು ಶೈಲಜಾಗೆ ಹೇಳಿದಳು.

“ಆಗಂಗಿಲ್ಲವ್ವ. ಲಕ್ಷಕ್ಕ ಒಂದು ಕಮ್ಮಿ ಆತಂದ್ರ ಅದು ಯಾವ ಎರಡು ಚೌಕಕ್ಕೂ ಬರಂಗಿಲ್ಲ. ಎಷ್ಟು ಹುಡುಕಿದ್ರೂ ಇಲ್ಲ.”

ಆಕೆಯ ಬೆರಳು ನೆಲಕ್ಕೆ ತಾಕಿರಲಿಲ್ಲ. ಮಾಗಿಯಲ್ಲಿ ಲಕ್ಷದ ಮೂರು ದಾರಿ ಹುಡುಕಲು ರೊಟ್ಟಿ ತಣ್ಣಗಾಗುವಷ್ಟು ಹೊತ್ತು ಬೇಕಾಗಿತ್ತು. ಈಗ ಪಂಪಮ್ಮನ ಪ್ರಶ್ನೆ ಬಾಯಿಂದ ಹೊರಬೀಳುವುದರೊಳಗೆ ಉತ್ತರ ಬೆಂದು ಇಳಿದಿತ್ತು. ಮಣಿ ಎಲ್ಲಿದೆ ಎಂದು ನನಗೆ ಆಗ ತಿಳಿಯಿತು.

ಎಲ್ಲರೂ ಒಳಗೆ ಹೋಗಲೆಂದು ಕಾದೆ. ಆಮೇಲೆ ಆಕೆಯನ್ನು ಹತ್ತಿರ ಕೂಡಿಸಿಕೊಂಡು, ಒಂದೇ ಒಂದು ಮಣಿ ಹೋದರೆ ಅಷ್ಟು ದೊಡ್ಡ ಲಕ್ಷ ಹೇಗೆ ಕೆಡುತ್ತದೆ, ನನಗೆ ತಿಳಿಯುವಂತೆ ಹೇಳು ಎಂದೆ. ಗಣಿತ ಕೇಳಿದರೆ ಆಕೆ ತನ್ನನ್ನು ತಾನು ಮರೆಯುತ್ತಾಳೆ.

“ಕೆಲವು ಅಂಕಿ ಎಷ್ಟು ಪಾಲು ಮಾಡಿದ್ರೂ ಒಡೆಯಂಗಿಲ್ಲ, ಅಜ್ಜಿ. ಮೂರು, ಐದು, ಏಳು ಇದ್ದಂಗ. ಅವುಗಳಾಗ ನಾಕರ ಗುಂಪು ಮಾಡಿದ್ರ ಮೂರು ಉಳಿಯೋ ಜಾತಿ ಒಂದದ. ಅಂಥಾದ್ದು ಜೋಡಿ ಬಂದ್ರ ತಂಟೆ ಮಾಡಂಗಿಲ್ಲ. ಒಂಟಿ ಬಂತಂದ್ರ ಎರಡು ಚೌಕ ಆಗಾಕ ಬಿಡಂಗಿಲ್ಲ. ಲಕ್ಷದ ಹೊಟ್ಟ್ಯಾಗ ಬರೇ ಎರಡು, ಐದು ಅದಾವ, ಅವು ಪಾಪದವು. ಒಂದು ಕಮ್ಮಿ ಮಾಡಿದ್ರ ಎಲ್ಲಾ ಬದಲಾಗ್ತದ. ಮೂರು ಬರ್ತದ, ಆದ್ರ ಜೋಡೀಲೆ ಬರ್ತದ. ನಲವತ್ತೊಂದು ಬರ್ತದ, ಅದೂ ಪಾಪದ್ದು. ಕಡೀಕ ಇನ್ನೂರ ಎಪ್ಪತ್ತೊಂದು. ಅದು ಒಂಟಿ ಕುಂತದ.”

“ಅವತ್ತ ಸಮ ಪಾಲು ಹಾಕಿದಾಗ ಉಳಿದದ್ದೂ ಅದ ಅಲ್ಲೇನು, ಇನ್ನೂರ ಎಪ್ಪತ್ತೊಂದು?”

ಆಕೆ ನನ್ನತ್ತ ನೋಡಲಿಲ್ಲ. ಹೌದೆಂದು ತಲೆಯಾಡಿಸಿದಳು. ನಾನು ನೆನಪಿಟ್ಟಿರುತ್ತೇನೆ ಎಂದು ಆಕೆ ಎಣಿಸಿರಲಿಲ್ಲ.

ನಾನು ಎದ್ದು ಕತ್ತರಿ ತಂದೆ. ನಾನೇ ನೇಯ್ದ ಚಿಕ್ಕ ಚೌಕದ ಮೂಲೆಯ ಗಂಟು ಬಿಡಿಸಿ ಕೊನೆಯ ಮಣಿ ತೆಗೆದೆ. ಅದನ್ನು ದೊಡ್ಡ ಚೌಕದ ಖಾಲಿ ಸಂದಿಗೆ ಏರಿಸಿ ದಾರ ಬಿಗಿದು ಕಟ್ಟಿದೆ. ಮದುಮಗಳದು ತುಂಬಿತು. ಶೈಲಜಾಳದರಲ್ಲಿ ಒಂದು ಮೂಲೆ ಬಾಯಿ ಬಿಟ್ಟಿತು. ಆಕೆ ಪಕ್ಕದಲ್ಲೇ ಕೂತು ನೋಡುತ್ತಿದ್ದಳು, ತಡೆಯಲಿಲ್ಲ. ಚಿಕ್ಕದನ್ನು ಮಡಚಿ ಆಕೆಯ ತೊಡೆಯ ಮೇಲಿಟ್ಟೆ.

“ಆಕೀದು ಬರೋಬರಿ ಆತು. ಕಮ್ಮಿ ಇರೋದು ಈಗ ನಿಂದರಾಗ. ಸಿಕ್ಕಾಗ ಹಾಕ್ಕೊ.”

ಆಕೆಯ ಕಿವಿ ಕೆಂಪಾದವು. ಮನೆಯವರಿಗೆ ನಾನು ಹೇಳಿದ್ದು ಇಷ್ಟೇ: ಚಿಕ್ಕದರಿಂದ ಒಂದು ಮಣಿ ತೆಗೆದು ದೊಡ್ಡದಕ್ಕೆ ಹಾಕಿದ್ದೇನೆ, ಮದುವೆಗೆ ತೊಂದರೆಯಿಲ್ಲ. ಪಂಪಮ್ಮ ನನ್ನ ಕಾಲು ಮುಟ್ಟಿದಳು. ಚಿಕ್ಕದರ ಗತಿಯೇನು ಎಂದು ಯಾರೂ ಕೇಳಲಿಲ್ಲ. ಕೇಳಲಿಲ್ಲವೆಂಬುದನ್ನು ಶೈಲಜಾ ಗಮನಿಸಿದಳು.

ಮದುವೆ ಗೂಗಲ್ ಎಂಬ ಹಳ್ಳಿಯಲ್ಲಿ, ಹೊಳೆಯ ದಂಡೆಯ ಅಲ್ಲಮಪ್ರಭು ಗುಡಿಯ ಹತ್ತಿರ ಎಂದು ಗೊತ್ತಾಗಿತ್ತು. ಅದರ ಹಿಂದಿನ ಸಂಜೆ ಎರಡೂ ಚೌಕಗಳನ್ನು ಪಡಸಾಲೆಯಲ್ಲಿ ಹಾಸಿದೆವು. ಹತ್ತಿರ ಹತ್ತಿರ ಇಟ್ಟಾಗ ಕಂಡದ್ದು, ಅದುವರೆಗೆ ನನಗೂ ಕಾಣದ್ದು. ದೊಡ್ಡದು ನೀರಿನ ಹಾಗೆ ಸಪಾಟು. ಚಿಕ್ಕದು ಹಾಗಿರಲಿಲ್ಲ. ನನ್ನ ನಡುಗುವ ಕೈಗೆ ಸಾಲುಗಳು ಒಂದು ಬಿಗಿ, ಒಂದು ಸಡಿಲ. ಬಿಸಿಲು ಬಿದ್ದಲ್ಲಿ ಎರೆಹೊಲದ ಸಾಲಿನ ಹಾಗೆ ಏರಿಳಿತ. ಐಶ್ವರ್ಯ ಮೆಹಂದಿಯ ಕೈಗಳನ್ನು ಎತ್ತಿ ಹಿಡಿದುಕೊಂಡು ಬಹಳ ಹೊತ್ತು ಆ ಚಿಕ್ಕದನ್ನೇ ನೋಡಿದಳು.

“ಇದು ಪೂರಾ ಅಜ್ಜಿ ಕೈಯಿಂದೇನು?”

ಶೈಲಜಾ ಹೌದೆಂದಳು.

“ನನ್ನದರಾಗ ಅಜ್ಜಿದು ಒಂದ ಮಣಿ. ನಿನ್ನದೆಲ್ಲಾ ಅಜ್ಜಿದು. ಸಣ್ಣಾಕಿ ಇದ್ದಾಗಿಂದ ಅಜ್ಜಿ ಮಗ್ಗಲಾಗ ನೀನ ಕುಂದ್ರತಿದ್ದಿ, ನನಗ ಜಾಗ ಎಲ್ಲಿತ್ತು? ಅದಕ್ಕ ಸೂಜಿ ಹಿಡಿಯೋದು ಕಲೀಲಿಲ್ಲ ನಾ.” ಮೊಳಕೈಯಿಂದ ದೊಡ್ಡ ಚೌಕವನ್ನು ಅಕ್ಕನತ್ತ ಸರಿಸಿದಳು. “ದೊಡ್ಡದು ನೀ ಇಟ್ಕೊ, ಅಕ್ಕ. ನಂಗ ಇದ ಕೊಡು.”

ನಾನು ಕಂಬಕ್ಕೆ ಒರಗಿ ಕೂತಿದ್ದೆ. ಶೈಲಜಾ ಮಾಗಿಯಿಂದ ಬಯಸುತ್ತಿದ್ದುದು ಈಗ ತಾನಾಗಿ ಮುಂದೆ ಬಂದು ನಿಂತಿತ್ತು. ದೊಡ್ಡ ಚೌಕ, ಅದೂ ತಂಗಿಯ ಬಾಯಿಂದಲೇ. ಆಕೆ ಅದರ ಅಂಚನ್ನು ಬೆರಳಿಂದ ಸವರಿದಳು. ಆಮೇಲೆ ಚಿಕ್ಕದನ್ನು ಎತ್ತಿಕೊಂಡು ಎದೆಗೆ ಒತ್ತಿ ಹಿಡಿದಳು.

“ಇದರಾಗ ಒಂದು ಕಮ್ಮಿ ಅದ. ನಿಮ್ಮತ್ತಿ ಗೇಣು ಹಾಕ್ತಾಳ, ಮೂಲಿ ನೋಡ್ತಾಳ. ನಿಂಗ ಬ್ಯಾಡ.”

“ನೋಡ್ಲಿ. ನಂಗ ಬೇಕು.”

“ಕೊಡಂಗಿಲ್ಲ.”

ತಂಗಿಯ ಮೇಲಿನ ಕಾಳಜಿಯೋ, ತನ್ನದನ್ನು ಬಿಟ್ಟುಕೊಡಲಾರದ ಕಿಚ್ಚೋ, ನನಗೆ ಬಿಡಿಸಿ ಹೇಳಲಾಗದು. ಎರಡೂ ಒಂದೇ ದಾರದಲ್ಲಿದ್ದವು. ಐಶ್ವರ್ಯ ಅತ್ತಳು. ಮೆಹಂದಿ ಕೆಡುತ್ತದೆಂದು ಕಣ್ಣೊರೆಸಿಕೊಳ್ಳಲಾಗದೆ ಕೂತಳು. ಶೈಲಜಾ ತನ್ನ ದುಪಟ್ಟಾದ ತುದಿಯಿಂದ ಆ ಕಣ್ಣು ಒರೆಸಿದಳು. ಚೌಕವನ್ನು ಮಾತ್ರ ಇನ್ನೊಂದು ಕೈಯಿಂದ ಬಿಡಲಿಲ್ಲ.

ಮದುವೆಯಲ್ಲಿ ದೊಡ್ಡ ಚೌಕದ ಮೇಲೆ ಕಳಸ ಕೂತಿತು. ಬೀಗಿತ್ತಿ ನೆಂಟರಿಗೆಲ್ಲ ತೋರಿಸುತ್ತ, ನಮ್ಮ ಸೊಸೆ ನೇಯ್ದದ್ದು ಎಂದಳು. ಐಶ್ವರ್ಯ ಈ ಸಲ ಬಾಯಿಬಿಟ್ಟಳು. ನಾನಲ್ಲ, ಅಕ್ಕ ನೇಯ್ದದ್ದು. ಅಕ್ಕನದನ್ನು ಅಜ್ಜಿ ನೇಯ್ದಿದ್ದಾಳೆ, ಅದು ಇದಕ್ಕಿಂತ ಚೆಂದ ಎಂದಳು. ಅದನ್ನು ಹೇಳುವಾಗ ಆಕೆಯ ಮುಖ ಸಿಹಿಯಾಗಿರಲಿಲ್ಲ. ಶೈಲಜಾ ದೂರದಲ್ಲಿ ಹೊಳೆ ನೋಡುತ್ತ ನಿಂತಿದ್ದಳು. ಕೇಳಿಸಿತು ಎಂದು ಆಕೆಯ ಬೆನ್ನು ಹೇಳಿತು.

ಮಗಳನ್ನು ಕಳಿಸಿದ ಮೇಲೆ ಮನೆ ಬಿಕೋ ಎಂದಿತು. ರಾಯಚೂರಿಗೆ ಹೊರಡುವ ಮುಂಜಾನೆ ಶೈಲಜಾ ಸ್ನಾನ ಮಾಡಿ, ಬ್ಯಾಗು ಕಟ್ಟಿ, ಚಿಕ್ಕ ಚೌಕ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

“ಮಣಿ ಸಿಕ್ತು, ಅಜ್ಜಿ. ಮಾಡದಾಗ ಇತ್ತು.”

ಗೋಡೆಯಲ್ಲಿ ದೀಪ ಇಡುವ ಆ ಮಾಡವನ್ನು ದಿನವೂ ಒರೆಸುವವಳು ನಾನು. ಹೌದೇನವ್ವ ಎಂದೆ.

ನೀನೇ ಹಾಕು ಎಂದು ಆಕೆ ಅಂಗೈ ಚಾಚಿದಳು. ತಾನು ಹಾಕಿದರೆ ಅದರಲ್ಲಿ ತನ್ನ ಕೈ ಸೇರುತ್ತದೆ, ಅದು ಪೂರಾ ಅಜ್ಜಿಯದಾಗಿಯೇ ಇರಬೇಕಂತೆ. ನನಗೆ ಸೂಜಿಯ ಕಣ್ಣು ಕಾಣಲಿಲ್ಲ. ಆಕೆ ದಾರ ಏರಿಸಿ ಕೊಟ್ಟಳು. ಮಣಿ ಬೆಚ್ಚಗಿತ್ತು, ಬಹಳ ದಿನ ಮೈಗೆ ಅಂಟಿಕೊಂಡಿದ್ದಂತೆ. ಮೂಲೆಗೆ ಕೂಡಿಸಿ ಗಂಟು ಹಾಕಿದೆ. ಲಕ್ಷ ತುಂಬಿತು.

“ಐಶುಗ ಹೇಳಬ್ಯಾಡ,” ಎಂದಳು. “ಆಕಿ ಲೆಕ್ಕದಾಗ ಒಂದು ಕಮ್ಮಿನ ಇರ್ಲಿ.”

ಆಗಲವ್ವ ಎಂದೆ. ಕೊಡವನ್ನು ಹುಣಸೆಹಣ್ಣು ಹಾಕಿ ತೊಳೆದು ಬಿಸಿಲಿಗೆ ಬೋರಲಿಟ್ಟೆ. ಐಶ್ವರ್ಯ ಸೋಮವಾರ ಮಾನ್ವಿಗೆ ಹೋಗಿದ್ದಳು. ಶೈಲಜಾ ಬುಧವಾರ, ಮೊದಲ ಬಸ್ಸಿಗೆ, ರಾಯಚೂರಿಗೆ ಹೋದಳು.